ಕನ್ನಡಿ ಕೊಳ್ಳುವ ಮೊದಲು ಗೋಡೆ ನೋಡಿ

ಮಲೆನಾಡಿನ ಹಳೆಯ ಮನೆಗಳ ಬಚ್ಚಲಲ್ಲಿ ಕನ್ನಡಿಗೆ ಜಾಗವೇ ಇರಲಿಲ್ಲ. ಅಲ್ಲಿ ಇದ್ದದ್ದು ತಾಮ್ರದ ಹಂಡೆ, ಅದರಡಿಯ ಒಲೆ, ಮೂಲೆಯಲ್ಲಿ ಒಣ ಸೌದೆ, ಹೊಗೆಗೆ ಕಪ್ಪಾದ ಮಾಡು. ಕನ್ನಡಿ ಇರುತ್ತಿದ್ದದ್ದು ಜಗಲಿಯಲ್ಲೋ ಕಿಟಕಿಯ ಪಕ್ಕದಲ್ಲೋ, ಒಂದು ಮೊಳೆಗೆ ನೇತು ಹಾಕಿದ ಅಂಗೈಯಗಲದ್ದು. ಗಂಡಸರು ಅದರ ಮುಂದೆ ಗಡ್ಡ ಹೆರೆದುಕೊಳ್ಳುತ್ತಿದ್ದರು, ಹೆಂಗಸರು ಬೊಟ್ಟು ಇಟ್ಟುಕೊಳ್ಳುತ್ತಿದ್ದರು. ಮುಖ ಪೂರ್ತಿ ಕಂಡರೆ ಅದೇ ಹೆಚ್ಚು.

ಈಗ ಕಾಲ ಬದಲಾಗಿದೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ತೋಟದ ಮನೆಗಳಿಗೆ ಒಳಗೇ ಬಾತ್‌ರೂಮು ಬಂದಿದೆ, ನೆಲದಿಂದ ಮಾಡಿನವರೆಗೆ ಟೈಲ್ಸ್ ಬಂದಿದೆ. ಹೋಮ್‌ಸ್ಟೇ ಮಾಡಿದವರಂತೂ ಕೋಣೆಯಷ್ಟೇ ಕಾಳಜಿಯಿಂದ ಬಾತ್‌ರೂಮನ್ನೂ ಸಿಂಗರಿಸುತ್ತಾರೆ. ಆ ಸಿಂಗಾರದಲ್ಲಿ ಮೊದಲನೆಯದು ವಾಶ್‌ಬೇಸಿನ್ ಮೇಲೆ ಗೋಡೆಯುದ್ದಕ್ಕೂ ಒಂದು ದೊಡ್ಡ ಕನ್ನಡಿ. ಸಣ್ಣ ಕೋಣೆ ದೊಡ್ಡದಾಗಿ ಕಾಣುತ್ತದೆ. ಮಳೆಗಾಲದ ಮಬ್ಬಿನಲ್ಲೂ ಒಂದಿಷ್ಟು ಬೆಳಕು ಹರಡುತ್ತದೆ. ಚೆಂದವೇ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಅಂಗಡಿಯಲ್ಲಿ ಕನ್ನಡಿ ಆರಿಸುವಾಗ ಅಂಚು ಹೇಗಿರಬೇಕು, ಫ್ರೇಮ್ ಯಾವ ಬಣ್ಣದ್ದು ಅಂತ ಗಂಟೆಗಟ್ಟಲೆ ಚರ್ಚೆ ಮಾಡುವ ನಾವು, ಅದನ್ನು ಹೊರುವ ಗೋಡೆಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. "ಅದೆಂತದು ಮಾರಾಯ್ರೆ, ನಾಲ್ಕು ಸ್ಕ್ರೂ ಹೊಡೆದ್ರೆ ಆಯ್ತಲ್ಲ" ಅಂದುಬಿಡುತ್ತೇವೆ. ನಾಲ್ಕು ಸ್ಕ್ರೂ ಸಾಕಾಗಬಹುದು, ಸಾಕಾಗದೆಯೂ ಇರಬಹುದು. ಅದನ್ನು ತೀರ್ಮಾನಿಸುವುದು ಗೋಡೆ. ವರ್ಷದಲ್ಲಿ ನಾಲ್ಕು ತಿಂಗಳು ಮಳೆಯಲ್ಲಿ ನೆನೆಯುವ ನಮ್ಮ ಕಡೆಯ ಗೋಡೆಗೆ ಬಯಲುಸೀಮೆಯ ಲೆಕ್ಕ ಹಾಕಿದರೆ ಆಗುವುದಿಲ್ಲ.

ಒಂದು ಮೂಟೆ ಕಾಫಿಯಷ್ಟು ಭಾರ

ಮೊದಲು ತೂಕ ನೋಡೋಣ. ಗಾಜಿನ ಲೆಕ್ಕ ಬಹಳ ಸುಲಭ. ಒಂದು ಚದರ ಮೀಟರ್ ಗಾಜು, ಒಂದು ಮಿಲಿಮೀಟರ್ ದಪ್ಪಕ್ಕೆ 2.5 ಕಿಲೋ ತೂಗುತ್ತದೆ. ಅಂದರೆ 5 ಮಿ.ಮೀ. ದಪ್ಪದ ಕನ್ನಡಿ ಒಂದು ಚದರ ಅಡಿಗೆ ಹೆಚ್ಚು ಕಡಿಮೆ 1.16 ಕಿಲೋ. 2 ಅಡಿಗೆ 3 ಅಡಿಯ ಸಾಧಾರಣ ಕನ್ನಡಿ 7 ಕಿಲೋ. 3 ಅಡಿಗೆ 4 ಅಡಿಯದು 14 ಕಿಲೋ. ಎರಡು ಬೇಸಿನ್‌ಗೆ ಸೇರಿಸಿ ಹಾಕುವ 4 ಅಡಿಗೆ 6 ಅಡಿಯದು 28 ಕಿಲೋ.

ಇದು ಬರಿಯ ಗಾಜಿನ ತೂಕ. ದೊಡ್ಡ ಕನ್ನಡಿಗೆ ಹಿಂದೆ ಪ್ಲೈವುಡ್ ಕೊಡುವುದು ರೂಢಿ. ಅದೇ 4ಕ್ಕೆ 6 ಅಡಿಗೆ 12 ಮಿ.ಮೀ. ಪ್ಲೈವುಡ್ ಹಾಕಿದರೆ ಇನ್ನೊಂದು ಹದಿನೈದು ಕಿಲೋ ಮೇಲಾಯಿತು. ಸುತ್ತ ಬೀಟೆಯದೋ ತೇಗದ್ದೋ ಕಟ್ಟು ಹಾಕಿದರೆ ಮತ್ತಷ್ಟು. ಎಲ್ಲ ಸೇರಿ 50 ಕಿಲೋ ಹತ್ತಿರಕ್ಕೆ ಬಂತು. ನಮ್ಮ ಭಾಷೆಯಲ್ಲೇ ಹೇಳುವುದಾದರೆ ಒಂದು ಮೂಟೆ ಕಾಫಿಯನ್ನು ಬಾತ್‌ರೂಮಿನ ಗೋಡೆಗೆ ನೇತು ಹಾಕಿದ ಹಾಗೆ. ಮೂಟೆ ಬಿದ್ದರೆ ಕಾಫಿ ಚೆಲ್ಲುತ್ತದೆ, ಬಳಿದುಕೊಳ್ಳಬಹುದು. ಕನ್ನಡಿ ಬಿದ್ದರೆ?

ಕಾರಿನ ಪಕ್ಕದ ಕಿಟಕಿಯ ಗಾಜು ಒಡೆದರೆ ಸಣ್ಣ ಸಣ್ಣ ಹರಳಾಗಿ ಉದುರುತ್ತದೆ. ಅದು ಟಫನ್ಡ್ ಗಾಜು. ಅಂಗಡಿಯಲ್ಲಿ ನಿಮ್ಮ ಅಳತೆಗೆ ಕತ್ತರಿಸಿ ಕೊಡುವ ಕನ್ನಡಿ ಅದಲ್ಲ. ಟಫನ್ಡ್ ಮಾಡಿದ ಗಾಜನ್ನು ಆಮೇಲೆ ಕತ್ತರಿಸಲೂ ಆಗದು, ತೂತು ಕೊರೆಯಲೂ ಆಗದು. ಸಾಮಾನ್ಯ ಕನ್ನಡಿ ಒಡೆದರೆ ಉದ್ದುದ್ದ ಕತ್ತಿಯಂಥ ಚೂರುಗಳಾಗುತ್ತವೆ. ಬಾತ್‌ರೂಮಿನಲ್ಲಿ ಮನುಷ್ಯ ಬರಿಗಾಲಲ್ಲಿ, ಬರಿಮೈಯಲ್ಲಿ ಇರುತ್ತಾನೆ, ನೆಲ ಒದ್ದೆಯಾಗಿರುತ್ತದೆ, ಬಾಗಿಲು ಒಳಗಿನಿಂದ ಚಿಲಕ ಹಾಕಿರುತ್ತದೆ. ಬೇಸಿನ್ ಹಿಡಿದು ಬಗ್ಗಿ ಮುಖ ತೊಳೆಯುವವರ ತಲೆ ಕನ್ನಡಿಯ ನೇರ ಕೆಳಗೇ ಇರುತ್ತದೆ. ಮನೆಯ ಮಗು, ವಯಸ್ಸಾದ ಅತ್ತೆ, ಹೋಮ್‌ಸ್ಟೇಗೆ ಬಂದ ಗುರುತಿಲ್ಲದ ಅತಿಥಿ, ಯಾರೂ ಆ ಜಾಗದಲ್ಲಿ ಇರಬಹುದು. ಇಷ್ಟು ಹೇಳುವುದು ಹೆದರಿಸಲಿಕ್ಕಲ್ಲ. ಒಂದು ದಿನದ ಕೆಲಸವನ್ನು ಸರಿಯಾಗಿ ಮಾಡಿಸಿಕೊಳ್ಳಲಿಕ್ಕೆ.

ಹಾಗಾಗಿ ಕನ್ನಡಿ ಆರ್ಡರ್ ಕೊಡುವಾಗಲೇ ಹಿಂಬದಿಗೆ ಸೇಫ್ಟಿ ಫಿಲ್ಮ್ ಅಂಟಿಸಿಕೊಡಲು ಕೇಳಿ. ಗಾಜು ಒಡೆದರೂ ಚೂರುಗಳು ಆ ಹಾಳೆಗೆ ಅಂಟಿಕೊಂಡೇ ನಿಲ್ಲುತ್ತವೆ. ಇದೊಂದು ಮಾತು ಕೇಳುವುದರಿಂದ ಸಿಗುವ ಸುರಕ್ಷತೆ ಬೇರೆ ಯಾವ ಅಲಂಕಾರದಿಂದಲೂ ಸಿಗುವುದಿಲ್ಲ.

ನಿಮ್ಮ ಗೋಡೆ ಯಾವುದರದ್ದು?

ನಮ್ಮ ಕಡೆ ಒಂದೇ ಮನೆಯಲ್ಲಿ ಮೂರು ಕಾಲದ ಗೋಡೆಗಳಿರುತ್ತವೆ. ಅಜ್ಜನ ಕಾಲದ ನಡುಮನೆ ಮಣ್ಣಿನ ಗೋಡೆ. ಅಪ್ಪನ ಕಾಲದಲ್ಲಿ ಸೇರಿಸಿದ ಕೋಣೆ ಇಟ್ಟಿಗೆಯದ್ದೋ ಕೆಂಪುಕಲ್ಲಿನದ್ದೋ. ಮೊನ್ನೆ ಮೊನ್ನೆ ಕಟ್ಟಿಸಿದ ಬಾತ್‌ರೂಮು ಸಿಮೆಂಟ್ ಬ್ಲಾಕಿನದು. ಮೇಲೆ ಟೈಲ್ಸ್ ಕೂತ ಮೇಲೆ ಎಲ್ಲವೂ ಒಂದೇ ಥರ ಕಾಣುತ್ತವೆ. ಕಟ್ಟಿದ ಮೇಸ್ತ್ರಿ ಈಗಲೂ ಊರಲ್ಲಿದ್ದರೆ ಅವರನ್ನೇ ಕೇಳಿ. ಇಲ್ಲದಿದ್ದರೆ ಡ್ರಿಲ್ ಮಶೀನಿನ ಪುಡಿಯೇ ಹೇಳುತ್ತದೆ. ಕನ್ನಡಿಯ ಹಿಂದೆ ಮುಚ್ಚಿಹೋಗುವ ಜಾಗದಲ್ಲಿ ಒಂದು ಸಣ್ಣ ತೂತು ಕೊರೆಸಿ, ಪುಡಿಯನ್ನು ಒಂದು ಕಾಗದದ ಮೇಲೆ ಹಿಡಿಯಿರಿ.

ಕೆಂಪು ಪುಡಿ, ಕೊರೆಯುವಾಗ ಒಂದೇ ಸಮನೆ ತಡೆ ಸಿಕ್ಕರೆ ಇಟ್ಟಿಗೆ. ಒಳ್ಳೆಯ ಇಟ್ಟಿಗೆ ಗೋಡೆ ದೊಡ್ಡ ಕನ್ನಡಿಯನ್ನು ನಿಶ್ಚಿಂತೆಯಿಂದ ಹೊರುತ್ತದೆ. ತೂತು ಇಟ್ಟಿಗೆಯ ಮೈಗೆ ಬೀಳಬೇಕು, ಎರಡು ಇಟ್ಟಿಗೆಯ ನಡುವಿನ ಗಾರೆಗೆ ಬೀಳಬಾರದು.

ಕೆಂಪು ಹಳದಿ ಮಿಶ್ರ ಪುಡಿ ಬಂದು, ಬಿಟ್ಟು ಒಮ್ಮೆ ಗಟ್ಟಿ ಒಮ್ಮೆ ಪೊಳ್ಳು ಸಿಗುತ್ತಿದ್ದರೆ ಅದು ಕೆಂಪುಕಲ್ಲು, ಅಂದರೆ ಮುರಕಲ್ಲು. ಅದರ ಮೈತುಂಬ ರಂಧ್ರ. ಮಶೀನನ್ನು ಹ್ಯಾಮರ್‌ನಲ್ಲಿಟ್ಟು ಕುಟ್ಟಿದರೆ ತೂತು ಅಗಲವಾಗಿ ಪ್ಲಗ್ ಸಡಿಲಾಗುತ್ತದೆ. ಬರೀ ತಿರುಗಿಸಿ ಕೊರೆಯಬೇಕು, ಉದ್ದದ ಪ್ಲಗ್ ಬೇಕು. ಪ್ಲಗ್ ಸಡಿಲ ಅನ್ನಿಸಿದರೆ ಗೋಡೆಯೊಳಗೆ ಹಿಂಡಿ ಕೂರಿಸುವ ಕೆಮಿಕಲ್ ಆ್ಯಂಕರ್ ಬಳಸಬಹುದು.

ಬೂದು ಪುಡಿ ಬಂದರೆ ಸಿಮೆಂಟ್ ಬ್ಲಾಕ್. ಗಟ್ಟಿ ಬ್ಲಾಕ್ ಆದರೆ ಚಿಂತೆಯಿಲ್ಲ. ಸ್ವಲ್ಪ ಕೊರೆದೊಡನೆ ಬಿಟ್ಟು ಸಟ್ಟನೆ ಒಳಗೆ ನುಗ್ಗಿತು ಅಂದರೆ ಹಾಲೋ ಬ್ಲಾಕ್. ಒಳಗೆ ಗಾಳಿ. ಸಾದಾ ಪ್ಲಗ್ ಅಲ್ಲಿ ಹಿಡಿಯುವುದಿಲ್ಲ. ಒಳಗೆ ಹೋಗಿ ರೆಕ್ಕೆ ಬಿಚ್ಚಿಕೊಳ್ಳುವ ಜಾತಿಯ ಆ್ಯಂಕರ್ ಬೇಕು. ಬಿಳಿಬೂದು ಬಣ್ಣದ ಹಗುರ ಪುಡಿ ಬೆಣ್ಣೆ ಕೊರೆದಂತೆ ಬಂದರೆ ಅದು ಹಗುರ ಬ್ಲಾಕ್, ನಮ್ಮವರು ಎಎಸಿ ಬ್ಲಾಕ್ ಅನ್ನುತ್ತಾರೆ. ಅದಕ್ಕೆ ಅಂತಲೇ ಬೇರೆ ಪ್ಲಗ್ ಬರುತ್ತದೆ.

ಹಸಿ ಮಣ್ಣಿನಂಥ ಪುಡಿ ಬಂದರೆ ಅಲ್ಲಿಗೆ ನಿಲ್ಲಿಸಿಬಿಡಿ. ಮಣ್ಣಿನ ಗೋಡೆ ತನ್ನ ಮೇಲಿನ ಮಾಡನ್ನು ತಲೆಮಾರುಗಟ್ಟಲೆ ಹೊತ್ತಿರಬಹುದು, ಆದರೆ ಪ್ಲಗ್ ಮತ್ತು ಸ್ಕ್ರೂವನ್ನು ಅದು ಹಿಡಿದುಕೊಳ್ಳುವುದಿಲ್ಲ. ಹಳೆಯ ಕಾಲದವರು ಇದನ್ನು ತಿಳಿದೇ ಗೋಡೆ ಕಟ್ಟುವಾಗಲೇ ಮರದ ಗೂಟಗಳನ್ನು ಕೂರಿಸುತ್ತಿದ್ದರು. ಈಗ ನೀವು ಮಾಡಬಹುದಾದದ್ದು ಬೇರೆ: ಕನ್ನಡಿಯ ಭಾರವನ್ನು ಗೋಡೆಗೆ ಕೊಡದೆ ನೆಲಕ್ಕೆ ಕೊಡುವುದು. ಎರಡು ಕಂಬಗಳನ್ನು, ಮರದ್ದೋ ತುಕ್ಕು ಹಿಡಿಯದ ಸ್ಟೀಲಿನದ್ದೋ, ನೆಲದಿಂದಲೇ ಎಬ್ಬಿಸಿ, ಅವುಗಳಿಗೆ ಕನ್ನಡಿ ಕೂರಿಸಿ, ಮೇಲ್ತುದಿಯನ್ನು ಮುಂದಕ್ಕೆ ವಾಲದಂತೆ ತೊಲೆಗೆ ಬಿಗಿಯುವುದು. ನೋಡಲಿಕ್ಕೂ ಹಳೆ ಮನೆಗೆ ಒಪ್ಪುತ್ತದೆ.

ಇನ್ನೊಂದು ಮಾತು. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ಸುತ್ತ ಗುಡ್ಡಗಳು ಜರಿದದ್ದು ಯಾರಿಗೂ ಮರೆತಿಲ್ಲ. ಜೋರು ಮಳೆಗಾಲ ಕಳೆದ ಮೇಲೆ ನಿಮ್ಮ ಗೋಡೆಯಲ್ಲಿ ಮೆಟ್ಟಿಲಿನಂತೆ ಏರುತ್ತ ಹೋಗುವ ಬಿರುಕು ಕಂಡಿದ್ದರೆ, ಅಥವಾ ಮುಂಚೆ ಇದ್ದ ಬಿರುಕು ಅಗಲವಾಗಿದ್ದರೆ, ಆ ಗೋಡೆಗೆ ಕನ್ನಡಿ ಹಾಕುವ ಮಾತು ಆಮೇಲೆ. ಮೊದಲು ಎಂಜಿನಿಯರ್ ಒಬ್ಬರಿಗೆ ತೋರಿಸಿ. ಗೋಡೆ ಅಲುಗಾಡುತ್ತಿದ್ದರೆ ಅದಕ್ಕೆ ಬಿಗಿದ ಗಾಜು ಒತ್ತಡ ತಾಳಲಾರದೆ ಒಂದು ದಿನ ತನ್ನಷ್ಟಕ್ಕೆ ಸೀಳುತ್ತದೆ.

ಎರಚಲು ಹೊಡೆಯುವ ಗೋಡೆ ಬೇಡ

ಗೋಡೆ ಗಟ್ಟಿಯಿದ್ದರೆ ಸಾಲದು, ಒಣಗಿಯೂ ಇರಬೇಕು. ಯಾಕೆ ಅಂತ ತಿಳಿಯಲು ಕನ್ನಡಿ ಹೇಗೆ ಆಗುತ್ತದೆ ಅನ್ನುವುದನ್ನು ನೋಡಬೇಕು.

ನಮ್ಮ ಪಕ್ಕದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ದರ್ಪಣ ಸುಂದರಿಯನ್ನು ನೋಡದವರು ಕಡಿಮೆ. ವಿಷ್ಣುವರ್ಧನ 1117ರಲ್ಲಿ ಆ ದೇವಾಲಯ ಕಟ್ಟಿಸಿದ ಕಾಲಕ್ಕೆ ಕನ್ನಡಿ ಅಂದರೆ ಉಜ್ಜಿ ಉಜ್ಜಿ ಹೊಳಪು ತಂದ ಲೋಹ. ಮಬ್ಬಾದರೆ ಮತ್ತೆ ಉಜ್ಜಿಕೊಳ್ಳಬಹುದಿತ್ತು. ಕೇರಳದ ಆರನ್ಮುಳದಲ್ಲಿ ಇಂದಿಗೂ ಲೋಹದ ಕನ್ನಡಿ ಮಾಡುತ್ತಾರೆ. ಗಾಜಿನ ಹಿಂದೆ ರಸಾಯನದಿಂದ ಬೆಳ್ಳಿಯ ತೆಳುಪದರ ಕೂರಿಸುವ ದಾರಿಯನ್ನು ಜರ್ಮನಿಯ ವಿಜ್ಞಾನಿ ಯೂಸ್ಟಸ್ ಫಾನ್ ಲೀಬಿಗ್ ತೋರಿಸಿದ್ದು 1835ರಲ್ಲಿ. ಇಂದು ನಾವು ಕೊಳ್ಳುವ ಒಳ್ಳೆಯ ಕನ್ನಡಿಗಳ ಮೂಲ ಅದೇ: ಮುಂದೆ ಗಾಜು, ಹಿಂದೆ ಕೂದಲಿಗಿಂತ ತೆಳ್ಳಗಿನ ಬೆಳ್ಳಿ, ಅದನ್ನು ಕಾಯಲು ಬಣ್ಣದ ಲೇಪ. ಗಾಜಿಗೆ ನೀರಿನಿಂದ ಏನೂ ಆಗದು. ಆದರೆ ಕತ್ತರಿಸಿದ ಅಂಚಿನಲ್ಲಿ ಬೆಳ್ಳಿ ಬಯಲಾಗಿರುತ್ತದೆ. ಅಲ್ಲಿಂದ ತೇವ ಒಳಹೊಕ್ಕು ಕಪ್ಪು ಕಲೆಯಾಗಿ ಹಬ್ಬುತ್ತದೆ. ಇದನ್ನು ಉಜ್ಜಿ ತೆಗೆಯಲು ಬರುವುದಿಲ್ಲ.

ನಮ್ಮ ಮನೆಗಳಲ್ಲಿ ತೇವ ಎರಡು ಕಡೆಯಿಂದ ಬರುತ್ತದೆ. ಒಂದು ಸ್ನಾನದ ಹಬೆ, ಇದು ಎಲ್ಲ ಊರಿಗೂ ಇದ್ದದ್ದೇ. ಇನ್ನೊಂದು ಗೋಡೆಯ ಒಳಗಿನಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಸಮೇತ ಬಡಿಯುವ ಮಳೆಯ ಎರಚಲು ಮನೆಯ ಪಡುವಣದ ಗೋಡೆಯನ್ನು ಬಿಡದೆ ನೆನೆಸುತ್ತದೆ. ಹಿಂದಿನವರು ಅದಕ್ಕೇ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಆ ಗೋಡೆಯ ಒಳಮೈಗೆ ಕನ್ನಡಿ ಒತ್ತಿ ಕೂರಿಸಿದರೆ ತೇವಕ್ಕೆ ಹೊರಹೋಗಲು ದಾರಿಯಿಲ್ಲ. ಒಂದೇ ಮಳೆಗಾಲದಲ್ಲಿ ಕನ್ನಡಿಯ ಹಿಂದೆ ಬೂಸ್ಟು, ಪ್ಲೈವುಡ್ ಉಬ್ಬುವುದು, ಸ್ಕ್ರೂಗೆ ತುಕ್ಕು. ಮುಂದಿನಿಂದ ನೋಡಿದರೆ ಎಲ್ಲ ಚೆನ್ನಾಗಿಯೇ ಇರುತ್ತದೆ, ಹಿಂದೆ ಹಿಡಿತ ಹೋಗಿರುತ್ತದೆ.

ಆದ್ದರಿಂದ ಕನ್ನಡಿಗೆ ಒಳಗೋಡೆ ಒಳ್ಳೆಯದು, ಅಂದರೆ ಆಚೆ ಬದಿಗೆ ಇನ್ನೊಂದು ಕೋಣೆಯಿರುವ ಗೋಡೆ. ವಾಸ್ತು ನೋಡುವವರು ದಿಕ್ಕು ನೋಡಲಿ, ಅದು ಅವರವರ ನಂಬಿಕೆ. ಜೊತೆಗೆ ಎರಚಲಿನ ದಿಕ್ಕನ್ನೂ ನೋಡಲಿ. ಬೇರೆ ದಾರಿಯಿಲ್ಲದೆ ಹೊರಗೋಡೆಗೇ ಹಾಕಬೇಕಾದರೆ, ಮೊದಲು ಹೊರಮೈಯ ಗಾರೆ, ಬಿರುಕು, ನೀರು ಸುರಿಯುವ ಮಾಡಿನಂಚು ಎಲ್ಲ ಸರಿಪಡಿಸಿ. ಗೋಡೆಗೂ ಕನ್ನಡಿಗೂ ನಡುವೆ ಗಾಳಿಯಾಡಲು ಕಾಲಿಂಚಾದರೂ ಸಂದು ಬಿಡಿಸಿ.

ಟೈಲ್ಸ್ ಇಲ್ಲದ ಗೋಡೆ ಒಣಗಿದೆಯೋ ಇಲ್ಲವೋ ತಿಳಿಯಲು ಸುಲಭದ ಉಪಾಯವಿದೆ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ. ಮಾರನೆಯ ದಿನ ತೆಗೆದು ನೋಡಿ. ಹಾಳೆಯ ಒಳಬದಿಗೆ ನೀರಹನಿ ಕೂತಿದ್ದರೆ, ಗೋಡೆಯ ಬಣ್ಣ ಕಪ್ಪಾಗಿದ್ದರೆ, ಗೋಡೆ ಇನ್ನೂ ಹಸಿ.

ಕೆಲಸಕ್ಕೆ ಕಾಲವನ್ನೂ ನೋಡಬೇಕು. ದೀಪಾವಳಿ ಕಳೆದ ಮೇಲೆ ಮಳೆ ಹಿಂದೆ ಸರಿಯುತ್ತದೆ, ಆದರೆ ಅಷ್ಟರಲ್ಲಿ ಅರೇಬಿಕಾ ಕೊಯ್ಲು ಶುರು. ಅದರ ಬೆನ್ನಿಗೇ ರೋಬಸ್ಟಾ. ಆಗ ತೋಟದ ಕೆಲಸಕ್ಕೇ ಜನ ಸಿಗುವುದಿಲ್ಲ, ಕನ್ನಡಿ ಹಿಡಿಯಲು ಎಲ್ಲಿಂದ ತರುವುದು? ಕೊಯ್ಲು ಮುಗಿದು, ಹೂಮಳೆ ಬರುವ ಹೊತ್ತಿನಿಂದ ಮೇ ನಡುವಿನವರೆಗೆ ಒಳ್ಳೆಯ ಕಾಲ. ಗೋಡೆ ವರ್ಷದಲ್ಲೇ ಹೆಚ್ಚು ಒಣಗಿರುತ್ತದೆ, ಜನಕ್ಕೂ ಬಿಡುವಿರುತ್ತದೆ.

ಟೈಲ್ಸ್ ಹಿಂದೆ ಏನಿದೆ?

ಬಹುಪಾಲು ಕನ್ನಡಿಗಳು ಬೀಳುವ ಕಾರಣ ಇಲ್ಲಿದೆ. ಸ್ಕ್ರೂ ಗಟ್ಟಿಯಾಗಿ ಕೂತಿದೆ ಅನ್ನಿಸುತ್ತದೆ, ಆದರೆ ಅದು ಕೂತಿರುವುದು ಟೈಲ್ಸ್ ಮತ್ತು ಗಾರೆಯಲ್ಲಿ. ಗೋಡೆಗೆ ತಲುಪಿಯೇ ಇರುವುದಿಲ್ಲ.

ಲೆಕ್ಕ ಹಾಕಿ. ಟೈಲ್ಸ್ 8 ರಿಂದ 10 ಮಿ.ಮೀ. ಅದರ ಹಿಂದಿನ ಸಿಮೆಂಟು 10 ಮಿ.ಮೀ. ಆದರೂ ಇರುತ್ತದೆ. ಅದರ ಹಿಂದೆ ಗೋಡೆಯ ಗಾರೆ 12 ರಿಂದ 15 ಮಿ.ಮೀ. ಒಟ್ಟು 30 ರಿಂದ 35 ಮಿ.ಮೀ. ದಾಟಿದ ಮೇಲೆ ಇಟ್ಟಿಗೆ ಸಿಗುವುದು. ಎರಡಿಂಚಿನ, ಅಂದರೆ 50 ಮಿ.ಮೀ. ಸ್ಕ್ರೂ ಹಾಕಿದರೆ, ಪಟ್ಟಿಯ ದಪ್ಪವನ್ನೂ ಕಳೆದು ಇಟ್ಟಿಗೆಯೊಳಗೆ ಹೋಗುವುದು ಅರ್ಧ ಇಂಚು. ಅರ್ಧ ಇಂಚಿನ ಮೇಲೆ ಒಂದು ಮೂಟೆ! ಅದಕ್ಕೇ ಭಾರದ ಕನ್ನಡಿಗೆ ಮೂರರಿಂದ ನಾಲ್ಕಿಂಚಿನ ಸ್ಕ್ರೂ, ಇಟ್ಟಿಗೆಯೊಳಗೇ ಪೂರ್ತಿ ಕೂರುವ ಪ್ಲಗ್ ಬೇಕು. ಸ್ಕ್ರೂ, ವಾಷರ್ ಎಲ್ಲವೂ ಸ್ಟೇನ್‌ಲೆಸ್ ಸ್ಟೀಲ್‌ನದೇ ಇರಲಿ, 304 ಅಂತ ಕೇಳಿ ತೆಗೆದುಕೊಳ್ಳಿ. ಸಾದಾ ಕಬ್ಬಿಣದ್ದು ನಮ್ಮ ಹವೆಯಲ್ಲಿ ಬಾಳಿಕೆ ಬರುವುದಿಲ್ಲ.

ಕೊರೆಯುವ ಮೊದಲು ಕನ್ನಡಿ ಬರುವ ಜಾಗದ ಟೈಲ್ಸನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಗಟ್ಟಿ ಸದ್ದು ಬರಬೇಕು. ಟೊಳ್ಳು ಸದ್ದು ಬಂದರೆ ಟೈಲ್ಸ್ ಹಿಂದೆ ಸಿಮೆಂಟು ಬಿಟ್ಟುಕೊಂಡಿದೆ. ಅಂಥದಕ್ಕೆ ಕನ್ನಡಿ ಅಂಟಿಸಿದರೆ ಟೈಲ್ಸ್ ಸಮೇತ ಕೆಳಗೆ ಬರುತ್ತದೆ.

ನೀರಿನ ಪೈಪು, ವೈರು ಎಲ್ಲಿ ಹೋಗಿದೆ ಅನ್ನುವುದೂ ಗೊತ್ತಿರಬೇಕು. ನಲ್ಲಿಯ ನೇರಕ್ಕೆ ಮೇಲೆ ಕೆಳಗೆ ಪೈಪು, ಸ್ವಿಚ್ ಬೋರ್ಡಿನ ಮತ್ತು ಗೀಸರ್ ಪಾಯಿಂಟಿನ ನೇರಕ್ಕೆ ವೈರು ಇರುವುದೇ ಹೆಚ್ಚು. ಆ ಸಾಲುಗಳನ್ನು ಬಿಟ್ಟು ಗುರುತು ಹಾಕಿ. ಮನೆ ಕಟ್ಟುವಾಗ ಟೈಲ್ಸ್ ಕೂರಿಸುವ ಮೊದಲು ತೆಗೆದ ಮೊಬೈಲ್ ಫೋಟೊ ಇದ್ದರೆ ಈಗ ಅದು ಚಿನ್ನ. ಈಗ ಮನೆ ಕಟ್ಟಿಸುತ್ತಿರುವವರು ಈ ಫೋಟೊ ತೆಗೆದಿಟ್ಟುಕೊಳ್ಳುವುದನ್ನು ಮರೆಯಬೇಡಿ. ಕೊರೆಯುವಾಗ ಬಾತ್‌ರೂಮಿನ ಲೈನ್ ಆಫ್ ಮಾಡಿಸಿ, ಮಶೀನಿಗೆ ಬೇರೆ ಕೋಣೆಯಿಂದ ಕರೆಂಟ್ ಎಳೆಯಿರಿ.

ಟೈಲ್ಸ್ ಸೀಳದಿರಲು ಗುರುತಿನ ಮೇಲೆ ಕಾಗದದ ಟೇಪ್ ಹಚ್ಚಿ, ಟೈಲ್ಸಿಗೆಂದೇ ಬರುವ ಬಿಟ್ ಹಾಕಿ, ಹ್ಯಾಮರ್ ಆಫ್ ಮಾಡಿ ನಿಧಾನ ಕೊರೆಯಬೇಕು. ಟೈಲ್ಸ್ ದಾಟಿದ ಮೇಲೆ ಬಿಟ್ ಬದಲಿಸಿ ಗೋಡೆ ಕೊರೆಯುವುದು. ತೂತಿನೊಳಗಿನ ಪುಡಿಯನ್ನು ಊದಿ ಪೂರ್ತಿ ತೆಗೆಯಬೇಕು, ಪುಡಿ ಉಳಿದರೆ ಪ್ಲಗ್ ಹಿಡಿಯದು.

ಕೆಳಗಿನದು ಹೊರಬೇಕು, ಮೇಲಿನದು ಹಿಡಿಯಬೇಕು

ಕನ್ನಡಿ ಕೂರಿಸುವ ಕ್ರಮಗಳು ಹಲವು. ಭಾರದ್ದಕ್ಕೆ ನಂಬಬಹುದಾದ ಕ್ರಮ ಒಂದೇ ತತ್ವದ್ದು: ಭಾರ ಕೆಳಗಿನಿಂದ ಹೊರಬೇಕು, ಮೇಲಿನಿಂದ ವಾಲದಂತೆ ಹಿಡಿಯಬೇಕು.

ಫ್ರೇಮ್ ಇಲ್ಲದ ಕನ್ನಡಿಗೆ ಕೆಳಗೆ ಉದ್ದಕ್ಕೂ ಅಲ್ಯುಮಿನಿಯಂ ಅಥವಾ ಸ್ಟೀಲಿನ ಚಾನೆಲ್ ಬಿಗಿಯುತ್ತಾರೆ. ಇಂಗ್ಲಿಷಿನ 'ಜೆ' ಅಕ್ಷರದಂತೆ ಮುಂದೆ ಸಣ್ಣ ತುಟಿ ಇರುತ್ತದೆ. ಗಾಜು ಲೋಹಕ್ಕೆ ನೇರ ತಾಗದಂತೆ ಅದರೊಳಗೆ ಎರಡು ಕಡೆ ರಬ್ಬರ್ ತುಂಡು ಇಟ್ಟು ಕನ್ನಡಿ ಕೂರಿಸಬೇಕು. ನೀರು ನಿಲ್ಲದಂತೆ ಚಾನೆಲ್‌ನ ತಳದಲ್ಲಿ ಸಣ್ಣ ತೂತುಗಳಿರಲಿ. ಮೇಲ್ಗಡೆ ಕ್ಲಿಪ್ಪುಗಳು ಕನ್ನಡಿ ಮುಂದಕ್ಕೆ ಬಾಗದಂತೆ ಹಿಡಿಯುತ್ತವೆ. 28 ಕಿಲೋದ ಕನ್ನಡಿಗೆ 28 ಕಿಲೋ ತಡೆಯುವ ಸ್ಕ್ರೂ ಸಾಲದು. ನಾಲ್ಕು ಪಟ್ಟು ಲೆಕ್ಕ ಹಿಡಿದು, ನೂರು ಕಿಲೋ ದಾಟಿ ತಡೆಯುವಂತೆ ಕೆಳಗಿನ ಚಾನೆಲ್‌ಗೇ ಐದಾರು ಸ್ಕ್ರೂ ಹಂಚಿ ಹಾಕಿಸಿ.

ಫ್ರೇಮ್ ಇರುವ ಭಾರದ ಕನ್ನಡಿಗೆ ಬಡಗಿಗಳು ಮಾಡುವ ಒಂದು ಒಳ್ಳೆಯ ಉಪಾಯವಿದೆ. ಒಂದು ಗಟ್ಟಿ ಮರದ ಪಟ್ಟಿಯನ್ನು ಉದ್ದಕ್ಕೆ ಓರೆಯಾಗಿ ಸೀಳಿ ಎರಡು ಮಾಡುತ್ತಾರೆ. ಒಂದನ್ನು ಗೋಡೆಗೆ, ಇನ್ನೊಂದನ್ನು ಫ್ರೇಮಿನ ಬೆನ್ನಿಗೆ ಬಿಗಿದು, ಕನ್ನಡಿಯನ್ನು ಎತ್ತಿ ಒಂದರೊಳಗೊಂದು ಕೂರುವಂತೆ ಇಳಿಸಿದರೆ, ಅದು ತನ್ನ ಭಾರಕ್ಕೆ ತಾನೇ ಗೋಡೆಗೆ ಒತ್ತಿಕೊಳ್ಳುತ್ತದೆ. ಪಟ್ಟಿಯ ದಪ್ಪದಿಂದ ಹಿಂದೆ ಗಾಳಿಯಾಡುವ ಸಂದೂ ತಾನಾಗಿ ಸಿಗುತ್ತದೆ. ಪಕ್ಕಕ್ಕೆ ಜಾರದಂತೆ ಒಂದು ತಡೆ ಇಟ್ಟರೆ ಆಯಿತು. ಪ್ಲೈವುಡ್ ಹಾಕುವುದಾದರೆ ಐಎಸ್ 710 ಗುರುತಿನ ಮರೈನ್ ಪ್ಲೈವುಡ್ಡನ್ನೇ ಕೇಳಿ, ಸಾದಾ ಪ್ಲೈವುಡ್ ಎರಡು ಮಳೆಗಾಲ ಕಾಣುವುದಿಲ್ಲ.

ಕನ್ನಡಿಗೇ ನಾಲ್ಕು ಮೂಲೆಯಲ್ಲಿ ತೂತು ಕೊರೆಸಿ ಸ್ಕ್ರೂ ಹಾಕುವುದು ನಮ್ಮಲ್ಲಿ ಹಳೆಯ ಪದ್ಧತಿ. ಸಣ್ಣ ಕನ್ನಡಿಗೆ ನಡೆಯುತ್ತದೆ. ಮುಂದೆ ಹಿಂದೆ ರಬ್ಬರ್ ವಾಷರ್ ಇರಲೇಬೇಕು, ಸ್ಕ್ರೂವನ್ನು ಪೂರ್ತಿ ಬಿಗಿಯಬಾರದು. ಭಾರದ ಕನ್ನಡಿಗೆ ಇದು ಬೇಡ. ಇಡೀ ತೂಕ ಆ ತೂತಿನ ಅಂಚುಗಳ ಮೇಲೇ ಬೀಳುತ್ತದೆ, ಬಿರುಕು ಅಲ್ಲಿಂದಲೇ ಹೊರಡುತ್ತದೆ.

ವಿನೆಗರ್ ವಾಸನೆಯ ಗೋಂದು ಬೇಡ

"ಸ್ಕ್ರೂ ಯಾಕೆ, ಸಿಲಿಕಾನ್ ಹೊಡೆದು ಅಂಟಿಸಿಬಿಡೋಣ" ಅನ್ನುವವರು ಈಗ ಹೆಚ್ಚು. ಸಿಲಿಕಾನ್ ಒಳ್ಳೆಯ ಗೋಂದೇ. ಆದರೆ ಎರಡು ವಿಷಯ ತಿಳಿದಿರಬೇಕು.

ಒಂದು, ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಸಿಲಿಕಾನ್ ಒಣಗುವಾಗ ವಿನೆಗರ್ ವಾಸನೆ ಬರುತ್ತದೆ. ಆ ವಾಸನೆ ಅಸಿಟಿಕ್ ಆಮ್ಲದ್ದು. ಕನ್ನಡಿಯ ಬೆನ್ನಿನ ಲೇಪವನ್ನು, ಬೆಳ್ಳಿಯನ್ನು ಅದು ತಿನ್ನುತ್ತದೆ. ಕೆಲವು ತಿಂಗಳಲ್ಲಿ ಗೋಂದು ಹಚ್ಚಿದ ಗೆರೆಗಳೇ ಮುಂದಿನಿಂದ ಕಾಣತೊಡಗುತ್ತವೆ. ಕನ್ನಡಿಗೆ 'ನ್ಯೂಟ್ರಲ್ ಕ್ಯೂರ್' ಸಿಲಿಕಾನ್ ಅಥವಾ ಕನ್ನಡಿಗೆಂದೇ ಬರುವ ಗೋಂದು ಬೇಕು. ಟ್ಯೂಬಿನ ಮೇಲೆ ಹಾಗಂತ ಬರೆದಿರುತ್ತದೆ, ಓದಿ ಕೊಳ್ಳಿ.

ಎರಡು, ಗೋಂದು ಮೇಲಿಂದ ಕೆಳಗೆ ಉದ್ದುದ್ದ ಗೆರೆಯಾಗಿ ಇರಬೇಕು, ನಡುನಡುವೆ ಜಾಗ ಬಿಟ್ಟು. ಅಡ್ಡಡ್ಡ ಹಚ್ಚಿದರೆ, ಸುತ್ತಲೂ ಚೌಕ ಎಳೆದರೆ, ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಹಸಿ ಗೋಡೆಗೆ, ಸಾಬೂನಿನ ಜಿಡ್ಡಿಗೆ ಗೋಂದು ಹಿಡಿಯದು. ಹಿಡಿದರೂ ಗಟ್ಟಿಯಾಗಲು ದಿನ ಬೇಕು, ಅಲ್ಲಿಯವರೆಗೆ ಕೆಳಗಿನಿಂದ ಆಧಾರ ಕೊಟ್ಟಿರಬೇಕು. ಇಷ್ಟಾದ ಮೇಲೂ ಭಾರದ ಕನ್ನಡಿಗೆ ಗೋಂದು ಚಾನೆಲ್‌ನ ಜೊತೆಗಾರ ಮಾತ್ರ. ಅದನ್ನೊಂದನ್ನೇ ನಂಬುವಂತಿಲ್ಲ. ಗೋಂದು ಹಿಡಿದುಕೊಳ್ಳುವುದು ಕನ್ನಡಿಯ ಬೆನ್ನಿನ ಬಣ್ಣವನ್ನು. ತೇವಕ್ಕೆ ಬಣ್ಣವೇ ಸುಲಿದರೆ ಗೋಂದು ಗೋಡೆಯಲ್ಲಿ, ಕನ್ನಡಿ ನೆಲದಲ್ಲಿ.

ಅಂಗಡಿಯಿಂದ ತೋಟದವರೆಗೆ

ಚಿಕ್ಕಮಗಳೂರಿನಲ್ಲಿ ಕತ್ತರಿಸಿದ ಗಾಜು ಕೊಟ್ಟಿಗೆಹಾರ ದಾಟಿ ಕಳಸದ ಆಚೆಯ ತೋಟ ಸೇರುವುದು ಸಣ್ಣ ಪ್ರಯಾಣವಲ್ಲ. ತಿರುವು ರಸ್ತೆ, ಕೊನೆಯಲ್ಲಿ ತೋಟದ ಕಚ್ಚಾ ದಾರಿ. ಗಾಜನ್ನು ಮಲಗಿಸಿ ತರಬಾರದು, ನಡು ಕುಸಿದು ಕುಲುಕಿಗೆ ಸೀಳುತ್ತದೆ. ಅಂಚಿನ ಮೇಲೆ ನಿಲ್ಲಿಸಿ, ಸ್ವಲ್ಪ ಓರೆಯಾಗಿ ಹಲಗೆಗೆ ಒರಗಿಸಿ, ಕೆಳಗೆ ಗೋಣಿಚೀಲ ಹಾಸಿ, ಅಲುಗದಂತೆ ಕಟ್ಟಬೇಕು.

ಅಳತೆ ಕೊಡುವ ಮೊದಲು ದಾರಿಯ ಅಳತೆಯೂ ಇರಲಿ. ಹಳೆ ಮನೆಯ ತಗ್ಗು ಬಾಗಿಲು, ತಿರುವಿನ ಮೆಟ್ಟಿಲು, ಎರಡೂವರೆ ಅಡಿಯ ಬಾತ್‌ರೂಮ್ ಬಾಗಿಲು, ಇವುಗಳಲ್ಲಿ ಕನ್ನಡಿ ನಿಂತೇ ಹೋಗಬೇಕು. ತಂದಾಗ ಅಂಚನ್ನು ಸುತ್ತಲೂ ನೋಡಿ. ಎಲ್ಲಾದರೂ ಸಣ್ಣ ಚಕ್ಕೆ ಎದ್ದಿದ್ದರೆ, ಕೂದಲೆಳೆಯ ಬಿರುಕಿದ್ದರೆ, ಅಂಥದನ್ನು ತಲೆಯ ಮೇಲೆ ತೂಗು ಹಾಕಬೇಡಿ, ವಾಪಸ್ ಕಳಿಸಿ. ಎತ್ತಲು ಇಬ್ಬರು ಬೇಕು, ದೊಡ್ಡದಾದರೆ ಮೂವರು. ಕೈಗೆ ದಪ್ಪ ಗ್ಲೌಸ್, ಕಾಲಿಗೆ ಶೂ. ಮಕ್ಕಳು, ನಾಯಿ ಹೊರಗೆ.

ಎತ್ತರದ ವಿಷಯದಲ್ಲಿ ಮನೆಯ ಎಲ್ಲರನ್ನೂ ನಿಲ್ಲಿಸಿ ನೋಡಿ. ಗಿಡ್ಡ ಇರುವವರಿಗೂ ಮುಖ ಕಾಣಬೇಕು. ನಲ್ಲಿಯ ನೀರು ಸಿಡಿಯದಂತೆ ಬೇಸಿನ್‌ನಿಂದ ಮೂರ್ನಾಲ್ಕು ಇಂಚು ಮೇಲಿರಲಿ. ಕಿಟಕಿಯ ಎದುರಿಗೆ ಕನ್ನಡಿ ಬಂದರೆ ಒಳಗಿನದು ಹೊರಗೆ ಕಾಣುವುದುಂಟು, ಅದನ್ನೂ ಹೊರಗಿನಿಂದ ಒಮ್ಮೆ ನಿಂತು ಪರೀಕ್ಷಿಸಿ. ಸೌದೆ ಬಾಯ್ಲರ್ ಇರುವ ಬಚ್ಚಲಾದರೆ ಅದರ ಬಿಸಿ ಪೈಪಿನಿಂದ ದೂರವಿರಲಿ, ಒಂದು ಬದಿ ಮಾತ್ರ ಕಾದರೆ ಗಾಜು ಸೀಳುತ್ತದೆ.

ಈಗ ಒಳಗೇ ಎಲ್ಇಡಿ ದೀಪ ಇರುವ ಕನ್ನಡಿಗಳೂ ಬಂದಿವೆ. ಅದಕ್ಕೆ ಐಪಿ 44 ಅಥವಾ ಅದಕ್ಕಿಂತ ಮೇಲಿನ ಗುರುತಿರಲಿ, ಸಿಡಿಯುವ ನೀರನ್ನು ತಡೆಯುತ್ತದೆ ಎಂದರ್ಥ. ಅರ್ಥಿಂಗ್ ಸರಿಯಿರಲಿ, ಆ ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಿ. ಏಪ್ರಿಲ್ ಮೇ ತಿಂಗಳ ಸಿಡಿಲಿಗೆ ನಮ್ಮಲ್ಲಿ ಏನೇನು ಸುಟ್ಟುಹೋಗುತ್ತದೆ ಅನ್ನುವುದು ಗೊತ್ತೇ ಇದೆ. ಗುಡುಗು ಶುರುವಾದರೆ ಇದರ ಸ್ವಿಚ್ಚನ್ನೂ ಆಫ್ ಮಾಡುವ ಅಭ್ಯಾಸವಿರಲಿ.

ಈಗಾಗಲೇ ಹಾಕಿ ಆಗಿದ್ದರೆ?

ತೆಗೆಸಿ ಹಾಕಿಸಬೇಕಾಗಿಲ್ಲ. ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಐದು ನಿಮಿಷ ಕೊಟ್ಟು ನೋಡಿದರೆ ಸಾಕು.

● ಮೇಲಿನ ಅಂಚಿನ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಹಿಂದೆ ಬೂಸ್ಟು, ನೀರಿನ ಪಸೆ ಇದೆಯೇ?

● ಎರಡೂ ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿ. ಅಲುಗಿದರೆ, ಕಟಕಟ ಸದ್ದು ಬಂದರೆ ಹಿಡಿತ ಸಡಿಲಾಗಿದೆ.

● ಕ್ಲಿಪ್ಪು, ಸ್ಕ್ರೂಗಳಿಂದ ಕೆಂಪು ಗೆರೆ ಇಳಿದಿದ್ದರೆ ತುಕ್ಕು. ಒಂದೊಂದಾಗಿ ಸ್ಟೇನ್‌ಲೆಸ್ ಸ್ಟೀಲಿಗೆ ಬದಲಿಸಿ.

● ಕನ್ನಡಿ ಮುಂಚಿಗಿಂತ ಕೆಳಗೆ ಜಾರಿದಂತೆ ಕಂಡರೆ, ಕೆಳಗಿನ ಸಂದು ಕಡಿಮೆಯಾಗಿದ್ದರೆ, ಅವತ್ತೇ ಆ ಬಾತ್‌ರೂಮಿನ ಬಾಗಿಲು ಹಾಕಿ. ಕೆಲಸದವರು ಬಂದ ಮೇಲೆ ತೆರೆಯಿರಿ.

● ಬರೀ ಗೋಂದಿನಲ್ಲಿ ನಿಂತ ದೊಡ್ಡ ಕನ್ನಡಿಗೆ ಈಗಲೂ ಕೆಳಗೊಂದು ಚಾನೆಲ್, ಮೇಲೆರಡು ಕ್ಲಿಪ್ ಸೇರಿಸಬಹುದು. ಅರ್ಧ ದಿನದ ಕೆಲಸ.

● ಒರೆಸುವಾಗ ದ್ರವವನ್ನು ಬಟ್ಟೆಗೆ ಹಾಕಿ ಒರೆಸಿ, ಕನ್ನಡಿಗೆ ನೇರ ಸಿಂಪಡಿಸಿದರೆ ಅಂಚಿಗಿಳಿದು ಬೆಳ್ಳಿ ಕೆಡುತ್ತದೆ. ಟೈಲ್ಸ್ ತೊಳೆಯುವ ಆಸಿಡ್‌ನ ಹೊಗೆಯೂ ಅದಕ್ಕೆ ಆಗದು.

ಎಷ್ಟು ಜಾಗ್ರತೆ ಮಾಡಿದರೂ ಒಮ್ಮೊಮ್ಮೆ ಒಡೆಯುತ್ತದೆ. ಒಡೆದರೆ ಅಪಶಕುನದ ಚಿಂತೆಗಿಂತ ಚೂರುಗಳ ಚಿಂತೆ ಮೊದಲು ಮಾಡಿ. ದಪ್ಪ ರಟ್ಟಿನಲ್ಲಿ ಸುತ್ತಿ, ಟೇಪ್ ಹಾಕಿ, ಮೇಲೆ 'ಗಾಜು' ಅಂತ ಬರೆದು ಕಸದವರಿಗೆ ಹೇಳಿ ಕೊಡಿ. ತೋಟದ ಮೂಲೆಗೋ ಕಾಫಿಗಿಡದ ಬುಡಕ್ಕೋ ಸುರಿಯಬೇಡಿ. ಎಲೆಗಳಡಿ ಮುಚ್ಚಿಹೋದ ಗಾಜು ಹತ್ತು ವರ್ಷವಾದರೂ ಗಾಜೇ. ಹಣ್ಣು ಕೊಯ್ಯಲು, ಗೊಬ್ಬರ ಹಾಕಲು ಬರುವವರ ಕಾಲು, ಮೇಯುವ ದನದ ಗೊರಸು ಅದರ ಮೇಲೆ ಬೀಳುತ್ತದೆ.

ಮುಂದಿನ ಸಲ ಪೇಟೆಗೆ ಹೋಗಿ ಕನ್ನಡಿ ಆರಿಸುವ ಮೊದಲು ಮನೆಯಲ್ಲೇ ಮೂರು ಕೆಲಸ ಮುಗಿಸಿಕೊಳ್ಳಿ. ಗೋಡೆ ಯಾವುದರದ್ದು ಅಂತ ತಿಳಿದುಕೊಳ್ಳಿ. ಅದು ಒಣಗಿದೆಯೇ ನೋಡಿಕೊಳ್ಳಿ. ನಿಮ್ಮ ಅಳತೆಯ ಗಾಜು ಎಷ್ಟು ತೂಗುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಕೆಲಸಕ್ಕೆ ಬಂದವರ ಕೈಗೆ ಆ ಚೀಟಿ ಕೊಟ್ಟು, "ಈ ಭಾರಕ್ಕೆ ಈ ಗೋಡೆಗೆ ಯಾವ ಪ್ಲಗ್ ಹಾಕ್ತೀರಿ?" ಅಂತ ಕೇಳಿ. ಕೆಲಸ ಗೊತ್ತಿರುವವರು ಆ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ, ಗೋಡೆ ತಟ್ಟಿ ನೋಡಿ ಉತ್ತರ ಹೇಳುತ್ತಾರೆ.